ಕ್ಯಾಮೆಲಿಯಾ ಮೊಗ್ಗು ಅರಳದೆ ಉದುರುತ್ತಿವೆ, ಏನು ಮಾಡಲಿ?

ಪ್ರಶ್ನೆ: ಊಟಿಗೆ ಹೋದಾಗ ಗುಲಾಬಿ ಬಣ್ಣದ ಕ್ಯಾಮೆಲಿಯಾ ಗಿಡ ತಂದು ಅಂಗಳದ ಎರೆಮಣ್ಣಿನಲ್ಲಿ ನೆಟ್ಟೆವು. ಹಾಕೋದು ಬೋರ್ ನೀರು. ಎಲೆ ಹಳದಿಯಾಗಿವೆ, ನರ ಮಾತ್ರ ಹಸಿರು. ಶಕ್ತಿ ಬರಲಿ ಅಂತ ಒಲೆಬೂದಿ, ಮೊಟ್ಟೆ ಸಿಪ್ಪೆ ಹಾಕಿದೆವು. ಮೊಗ್ಗು ಬಂದವು, ಅರಳದೆ ಉದುರಿದವು. ಏನು ಮಾಡಬೇಕ್ರಿ?
– ಸಿಂಧನೂರಿನ ಓದುಗರು

ಉತ್ತರ: ಮೊದಲು ಬೂದಿ, ಮೊಟ್ಟೆ ಸಿಪ್ಪೆ ಹಾಕೋದು ನಿಲ್ಲಿಸಿ. ಬೇರೆ ಗಿಡಕ್ಕೆ ಸರಿ, ಇದಕ್ಕೆ ಬೇಡ. ಕ್ಯಾಮೆಲಿಯಾ ಚಹಾ ಗಿಡದ ಬಳಗದ್ದು. ಅದಕ್ಕೆ ಹುಳಿ ಮಣ್ಣು ಬೇಕು, ಪಿಎಚ್ (ಮಣ್ಣಿನ ಹುಳಿ ಅಳೆಯುವ ಅಂಕಿ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.5ರಿಂದ 6.5ರ ಒಳಗೆ. ನಿಮ್ಮ ಕಡೆಯ ಎರೆಮಣ್ಣು ಸಾಮಾನ್ಯವಾಗಿ 8ರ ಆಸುಪಾಸು ಇರುತ್ತದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ಎಲೆ ಹಳದಿಯಾಗಿ ನರ ಹಸಿರು ಉಳಿಯೋದು ಅದಕ್ಕೇ. ಸುಣ್ಣದ ಅಂಶವಿರುವ ಬೂದಿ, ಸಿಪ್ಪೆ ಮಣ್ಣಿನ ಪಿಎಚ್ ಇನ್ನೂ ಹೆಚ್ಚಿಸಿವೆ.

ಎರೆಮಣ್ಣನ್ನು ಬದಲಾಯಿಸುವ ಗೋಜಿಗೆ ಹೋಗಬೇಡಿ. ಮಳೆಗಾಲ ಹಿಡಿದ ಮೇಲೆ ಗಿಡವನ್ನು ಬೇರಿನ ಗಡ್ಡೆ ಸಮೇತ ಎತ್ತಿ, ತಳದಲ್ಲಿ ತೂತಿರುವ ದೊಡ್ಡ ಕುಂಡಕ್ಕೆ ಹಾಕಿ. ಚೆನ್ನಾಗಿ ಕೊಳೆತ ಎಲೆಗೊಬ್ಬರ, ತೊಳೆದ ಕೊಕೊಪೀಟ್, ಸ್ವಲ್ಪ ಕೆಮ್ಮಣ್ಣು ಸಾಕು. ಇದರ ಬೇರು ಮೇಲ್ಮೇಲೆ ಹರಡುತ್ತವೆ. ಹಾಗಾಗಿ ಕಾಂಡದ ಬುಡ ಮಣ್ಣಲ್ಲಿ ಹೂಳಬೇಡಿ, ಕಳೆ ತೆಗೆಯುವ ನೆಪದಲ್ಲಿ ಕೆದಕಲೂ ಬೇಡಿ. ಮೇಲೆ ಒಣ ಎಲೆ ಹೊದಿಸಿ.

ಮಣ್ಣು ಬದಲಾಯಿಸಿ ಅದೇ ಬೋರ್ ನೀರು ಹಾಕಿದರೆ ವರ್ಷದೊಳಗೆ ಕಥೆ ಮತ್ತೆ ಅಷ್ಟೇ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದಲ್ವಾ, ಅದು ಆ ನೀರಿನ ಲವಣ. ಮಾಳಿಗೆಯ ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಡಿ. ಅದು ಮುಗಿದರೆ ಶುದ್ಧ ನೀರಿನ ಘಟಕದ ಕ್ಯಾನ್ ನೀರೋ ಏಸಿಯಿಂದ ತೊಟ್ಟಿಕ್ಕುವ ನೀರೋ ಆದೀತು. ಕೂಲರ್ ತೊಟ್ಟಿಯ ನೀರು ಮಾತ್ರ ಬೇಡ. ಅದು ಆವಿಯಾಗಿ ಆವಿಯಾಗಿ ಲವಣ ಇನ್ನೂ ದಪ್ಪಗಾಗಿರುತ್ತದೆ.

ಹಳದಿಗೆ ಕಬ್ಬಿಣ ಕೊಡಬಹುದು. ಅದು ಬೇರಿಗೆ ದಕ್ಕುವಂತೆ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ, ಅಂಗಡಿಯಲ್ಲಿ ಪೊಟ್ಟಣ ನೋಡಿ ‘ಇಡಿಡಿಎಚ್‌ಎ’ (EDDHA) ಎಂದಿರುವುದನ್ನೇ ತನ್ನಿ. ಇಡಿಟಿಎ ರೂಪದ್ದು ಸುಣ್ಣದ ಮಣ್ಣಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪೂರ್ತಿ ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗುವುದು ಕಡಿಮೆ. ಹೊಸ ಚಿಗುರು ನೋಡಿ ಲೆಕ್ಕ ಹಾಕಿ.

ಇನ್ನು ಮೊಗ್ಗು. ಅದಕ್ಕೆ ಮುಖ್ಯ ಕಾರಣ ಒಣ ಬಿಸಿಗಾಳಿ ಮತ್ತು ಒಂದು ದಿನ ಕೆಸರು, ಒಂದು ದಿನ ಒಣಗು ಅನ್ನುವ ಪಾಡು. ಬೆರಳು ಎರಡು ಇಂಚು ಇಳಿಸಿ ನೋಡಿ, ತೇವ ಕಮ್ಮಿಯಾದಾಗಷ್ಟೇ ನೀರು ಹಾಕಿ. ಒಂದೇ ಕಡೆ ಗುಂಪಾಗಿ ಮೊಗ್ಗು ಬಂದರೆ ಒಂದೆರಡು ಬಿಟ್ಟು ಉಳಿದವು ಚಿವುಟಿ. ಕುಂಡ ಮನೆಯ ಪೂರ್ವ ಬದಿಗಿರಲಿ, ಬೆಳಗಿನ ಎಳೆಬಿಸಿಲು ಸಾಕು. ಬೇಸಿಗೆಯಲ್ಲಿ ನಿಮ್ಮೂರು 40 ಡಿಗ್ರಿ ದಾಟುತ್ತದೆ, ಆಗ ಹಸಿರು ಪರದೆ ಕಟ್ಟಿ.

ಕತ್ತರಿಸುವುದಿದ್ದರೆ ಹೂವು ಮುಗಿದ ಕೂಡಲೇ ಕತ್ತರಿಸಿ. ತಡ ಮಾಡಿದರೆ ಮುಂದಿನ ವರ್ಷದ ಮೊಗ್ಗೂ ಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಊಟಿಯ ಹಾಗೆ ಗಿಡ ತುಂಬ ಹೂವು ನಿರೀಕ್ಷಿಸಬೇಡಿ. ಚಳಿಗಾಲದಲ್ಲಿ ನಾಲ್ಕು ಹೂವು ಅರಳಿದರೆ ನಿಮ್ಮ ಆರೈಕೆ ಗೆದ್ದಂತೆ. ಎರಡು ಚಳಿಗಾಲ ಕಾದರೂ ಒಂದೂ ಅರಳದಿದ್ದರೆ ಮಲೆನಾಡಿನ ನೆಂಟರಿಗೆ ಕೊಟ್ಟುಬಿಡಿ, ಅಂಗಳಕ್ಕೆ ದಾಸವಾಳ ತನ್ನಿ.