ಊರಿನ ಜನರಿಗಾಗಿ ಛಾಯಾಗ್ರಹಣದ ಉದ್ಯೋಗ: ಕುಮಟಾದಿಂದ ಕೇಳಿದವರಿಗೆ

ಕುಮಟಾದಲ್ಲಿ ನೌಕರಿ ಮಾಡುತ್ತ, ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ತಿರುಗುವ ನೀವು, ಮದುವೆ ಮುಂಜಿಗಳಿಗಷ್ಟೇ ಸೀಮಿತವಾಗದೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜನರಿಗಾಗಿಯೇ ಒಂದು ಛಾಯಾಗ್ರಹಣದ ಉದ್ಯೋಗ ಕಟ್ಟಬಹುದೇ, ಅದರಿಂದ ಸಂಸಾರ ಸಾಗೀತೇ ಎಂದು ಕೇಳಿದ್ದೀರಿ. ಅಂಕೋಲಾದಲ್ಲಿ 11 ವರ್ಷಗಳಿಂದ ಸ್ಟುಡಿಯೋ ನಡೆಸುತ್ತಿರುವ ಅನುಭವದಿಂದ ಹೇಳುತ್ತೇನೆ, ಖಂಡಿತ ಕಟ್ಟಬಹುದು. ಆದರೆ ತೆಗೆದ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ ಚಿತ್ರದಲ್ಲಿರುವವರ ಮನೆಗೆ ಮುಟ್ಟಿಸುವ ಕೆಲಸವೇ ಈ ಉದ್ಯೋಗದ ಬುಡ ಎಂಬುದನ್ನು ಮೊದಲೇ ಒಪ್ಪಿಕೊಂಡು ಇಳಿಯಬೇಕು.

ನನಗೆ ಇದು ತಿಳಿದದ್ದು ಹಾಲಕ್ಕಿ ಒಕ್ಕಲಿಗರ ಒಂದು ಕೊಪ್ಪದಲ್ಲಿ, ಅಂದರೆ ಅವರ ಕೇರಿಯಲ್ಲಿ. ಸುಗ್ಗಿ ಕುಣಿತದ ಚಿತ್ರ ತೆಗೆಯಲು ಹೋಗಿದ್ದವನು, ಜಗಲಿಯ ಮೇಲೆ ಕೂತಿದ್ದ ಒಬ್ಬ ಹಿರಿಯ ಹೆಂಗಸಿನ ಚಿತ್ರವನ್ನೂ ತೆಗೆದೆ. ಆಕೆ ಸಿಟ್ಟಿಲ್ಲದೆಯೇ ಕೇಳಿದರು, "ಹೋದ ವರ್ಷವೂ ಒಬ್ರು ಬಂದು ತೆಗ್ದ್ಕಂಡ್ ಹೋದ್ರು, ಅದು ಎಲ್ಲಿಗ್ ಹೋಯ್ತು?" ಉತ್ತರ ಹೊಳೆಯಲಿಲ್ಲ. ವಾರದ ನಂತರ 8×12 ಅಂಗುಲದ ಪ್ರತಿಯೊಂದನ್ನು ತೆಗೆದುಕೊಂಡು ಹೋದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಹಿಡಿದು, ಮುಖವನ್ನು ನೋಡುವ ಮೊದಲು ಕೊರಳಲ್ಲಿದ್ದ ಮಣಿಸರಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. ಒಳಗೆ ದೇವರ ಪಟದ ಪಕ್ಕದಲ್ಲಿ ತೀರಿಹೋದ ಗಂಡನ ಚಿತ್ರವಿತ್ತು. ಯಾವುದೋ ಹಳೆಯ ಕಾರ್ಡಿನಿಂದ ಕತ್ತರಿಸಿ ತೆಗೆದದ್ದು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಆ ಮನೆಯಲ್ಲಿ ಅವರದೆಂದು ಉಳಿದದ್ದು ಅದೊಂದೇ. ಮುಂದಿನ ತಿಂಗಳು ಅದೇ ಕೊಪ್ಪದ ಮೂರು ಮನೆಯವರು ತಾವಾಗಿಯೇ ಹೇಳಿ ಕಳುಹಿಸಿ, ಹಣ ಕೊಟ್ಟು ಮನೆಮಂದಿಯ ಚಿತ್ರ ತೆಗೆಸಿಕೊಂಡರು.

ಹಣದ ವಿಷಯದಲ್ಲಿ ಹೇಳುವುದಾದರೆ, ಮೊದಲ ಎರಡು ವರ್ಷ ಮದುವೆಗಳನ್ನು ಬಿಡಬೇಡಿ, ನೌಕರಿಯನ್ನಂತೂ ಬಿಡಲೇಬೇಡಿ. ಇಂದಿಗೂ ನನ್ನ ಅಂಗಡಿಯ ಬಾಡಿಗೆ ಹುಟ್ಟುವುದು ಮದುವೆಗಳಿಂದಲೇ. ಆದರೆ ಊರಿನ ಕೆಲಸವನ್ನು ಪುಕ್ಕಟೆ ಮಾಡುವುದೂ ಸರಿಯಲ್ಲ, ಯಾಕೆಂದರೆ ಪುಕ್ಕಟೆ ಕೊಟ್ಟರೆ ಇನ್ನೊಮ್ಮೆ ಕರೆಯಲು ಜನ ಸಂಕೋಚಪಡುತ್ತಾರೆ. ಮುದ್ರಣದ ಖರ್ಚಿಗೆ ಅರ್ಧ ದಿನದ ಕೂಲಿಯನ್ನು ಸೇರಿಸಿ ಬೆಲೆ ಹೇಳಿ, ಎಲ್ಲರಿಗೂ ಒಂದೇ ಬೆಲೆ ಹೇಳಿ.

ಹಳೆಯ ಚಿತ್ರಗಳಿಗೆ ಮರುಜೀವ ಕೊಡುವ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ಬೇಡಿಕೆ ಬಹಳ. ಮಳೆಗಾಲದ ಥಂಡಿಗೆ ಚಿತ್ರವು ಕಟ್ಟಿನ ಗಾಜಿಗೆ ಅಂಟಿಕೊಂಡಿರುತ್ತದೆ. ಅದನ್ನು ಕೀಳಲು ಹೋದರೆ ಮುಖದ ಪದರವೇ ಗಾಜಿನಲ್ಲಿ ಉಳಿಯುತ್ತದೆ. ಆದ್ದರಿಂದ ಕೀಳದೆ, ಗಾಜಿನ ಹೊರಮೈಯನ್ನು ಒರೆಸಿ, ಎರಡೂ ಬದಿಯಿಂದ 45 ಡಿಗ್ರಿ ಕೋನದಲ್ಲಿ ಬೆಳಕು ಕೊಟ್ಟು, ಗಾಜಿನ ಮೂಲಕವೇ ಪ್ರತಿ ತೆಗೆದುಕೊಳ್ಳಿ.

ಮಳೆಗಾಲವನ್ನು ಸ್ಟುಡಿಯೋದವರು ಖಾಲಿ ಕಾಲ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೇಲೆಕೇರಿ, ಕೇಣಿ, ಬೈತಖೋಲಗಳಲ್ಲಿ ವರ್ಷವಿಡೀ ಕಡಲ ಮೇಲಿರುವ ಗಂಡಸರು ಮನೆಯಲ್ಲಿರುತ್ತಾರೆ, ಬಲೆ ರಿಪೇರಿ ಮಾಡುತ್ತಿರುತ್ತಾರೆ. ಇಡೀ ಸಂಸಾರ ಒಂದೇ ಚೌಕಟ್ಟಿನಲ್ಲಿ ಸಿಗುವ ಕಾಲ ಅದೊಂದೇ. ಮೋಡದ ಬೆಳಕು ಬಾಗಿಲಿನಿಂದ ಮೃದುವಾಗಿ ಒಳಬರುತ್ತದೆ. 50 ಮಿಲಿಮೀಟರಿನ ಒಂದು ಲೆನ್ಸ್ ಇದ್ದರೆ ಸಾಕು. ಆ ಲೆನ್ಸನ್ನು ಮಾತ್ರ ಜೋಪಾನ ಮಾಡಿ. ಮೊದಲ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಇಟ್ಟು ಕಪಾಟು ಮುಚ್ಚಿದ್ದ ನನ್ನ ಎರಡು ಲೆನ್ಸುಗಳ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಒಳಗಿನ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ತೆಗೆಸಿದವರಿಗೇ ಸೇರುತ್ತದೆ. ಅದನ್ನು ಅಂಗಡಿಯ ಗಾಜಿನಲ್ಲಿ ತೂಗುಹಾಕುವ ಮೊದಲೂ ಅವರನ್ನು ಕೇಳಲೇಬೇಕು. ಯಲ್ಲಾಪುರ, ಹಳಿಯಾಳದಲ್ಲಿ ಆಫ್ರಿಕಾ ಮೂಲದ ಸಿದ್ದಿಯರ ಕೇರಿಗಳಿಗೆ ಹೋದಾಗ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ನೆನಪಿಡಿ, ಏಕೆಂದರೆ ಅಲ್ಲಿನ ಮಕ್ಕಳ ಮುಖಗಳನ್ನು ಕೇಳದೆ ಕೊಂಡೊಯ್ದವರು ಈಗಾಗಲೇ ಬಹಳ ಮಂದಿ. ಕಾರವಾರದ ಕಡೆ ಅರಗಾದ ನೌಕಾನೆಲೆಯ ಸುತ್ತಮುತ್ತ ಕ್ಯಾಮೆರಾ ಎತ್ತಬೇಡಿ, ಡ್ರೋನಿನ ಯೋಚನೆಯನ್ನೂ ಮಾಡಬೇಡಿ.

ಎಲ್ಲಿಂದ ಶುರು ಮಾಡಲಿ ಎಂದೂ ಕೇಳಿದ್ದೀರಿ. ನಿಮ್ಮ ಮಗ್ಗುಲಲ್ಲೇ ಅಘನಾಶಿನಿಯ ಅಳಿವೆಯಿದೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಇಳಿತಕ್ಕೆ ನೀರು ದೂರ ಸರಿದಾಗ ಹೆಂಗಸರು ಬುಟ್ಟಿ ಹಿಡಿದು ಬಳಚು ಎಂಬ ಚಿಪ್ಪುಮೀನನ್ನು ಹೆಕ್ಕಲು ಇಳಿಯುತ್ತಾರೆ. ಮೊದಲ ದಿನ ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು, ಅವರ ಜೊತೆ ದಡದಲ್ಲಿ ಕೂತು ಮಾತಾಡಿ, ಯಾರ ಮನೆ ಯಾವ ಕೇರಿಯಲ್ಲಿದೆ ಎಂದು ಕೇಳಿ ಬರೆದುಕೊಳ್ಳಿ. ಮುಂದಿನ ಇಳಿತಕ್ಕೆ ಅವರು ಒಪ್ಪಿದರೆ ಚಿತ್ರ ತೆಗೆಯಿರಿ. ಅದರ ಮುಂದಿನ ಇಳಿತದೊಳಗೆ ಒಬ್ಬೊಬ್ಬರ ಪ್ರತಿಯನ್ನೂ ಅವರವರ ಮನೆಯ ಜಗಲಿಗೆ ಮುಟ್ಟಿಸಿ.