ಮೆಡಿಕೇರ್ ತೆಗೆದುಕೊಳ್ಳುವ ಡಾಕ್ಟರನ್ನು ಹುಡುಕುವುದು ಹೇಗೆ?

ಅಮ್ಮನಿಗೆ ಮೆಡಿಕೇರ್ (ಅಮೆರಿಕ ಸರ್ಕಾರ ಮುಖ್ಯವಾಗಿ 65 ವರ್ಷ ದಾಟಿದವರಿಗೆ ಕೊಡುವ ಆರೋಗ್ಯ ವಿಮೆ) ಬಂದಿದೆ, ಆದರೆ ಮನೆ ಹತ್ತಿರ ಇಂಟರ್ನಲ್ ಮೆಡಿಸಿನ್ ಡಾಕ್ಟರ್ ಸಿಗುತ್ತಿಲ್ಲ ಅಂದಿದ್ದೀರಿ. ಅಮೆರಿಕಕ್ಕೆ ಬಂದು ನೆಲೆಸಿದ ಅಪ್ಪನಿಗಾಗಿ ನಾನೂ ಇದೇ ಪಾಡು ಪಟ್ಟಿದ್ದೇನೆ. (ಇಂಟರ್ನಲ್ ಮೆಡಿಸಿನ್ ಡಾಕ್ಟರಿಗೆ ಇಂಟರ್ನಿಸ್ಟ್ ಅಂತಾರೆ. ಹಾಗಂದರೆ ಇಂಟರ್ನ್, ಕಲಿಯೋ ಹುಡುಗ ಅಂದುಕೊಂಡು ಅಪ್ಪ ಮೊದಲು ಬರಲೇ ಒಪ್ಪಲಿಲ್ಲ. ಇವರು ದೊಡ್ಡವರ ಕಾಯಿಲೆಗಳನ್ನು ನೋಡುವ ಪೂರ್ಣ ಪ್ರಮಾಣದ ಡಾಕ್ಟರು ಅಂತ ತಿಳಿಹೇಳಬೇಕಾಯಿತು.)

ಮೊದಲು ಅಮ್ಮನ ಕಾರ್ಡ್ ನೋಡಿ. ಬರೀ ಸರ್ಕಾರದ ಒರಿಜಿನಲ್ ಮೆಡಿಕೇರ್ ಆದರೆ, ಮೆಡಿಕೇರ್ ತೆಗೆದುಕೊಳ್ಳುವ ಯಾವ ಡಾಕ್ಟರ್ ಹತ್ತಿರವಾದರೂ ಹೋಗಬಹುದು. ಖಾಸಗಿ ಕಂಪನಿಯ ಮೂಲಕ ಸಿಗುವ ಮೆಡಿಕೇರ್, ಅಂದರೆ ಅಡ್ವಾಂಟೇಜ್ ಪ್ಲಾನ್ ಆದರೆ ಆ ಪ್ಲಾನಿನ ನೆಟ್‌ವರ್ಕ್, ಅಂದರೆ ಅದರ ಜೊತೆ ಒಪ್ಪಂದ ಇರುವ ಡಾಕ್ಟರುಗಳ ಪಟ್ಟಿ ನೋಡಿಕೊಳ್ಳಲೇಬೇಕು. ಎಚ್‌ಎಂಒ (ಪಟ್ಟಿಯಲ್ಲಿರುವ ಡಾಕ್ಟರುಗಳಿಗೇ ಕಟ್ಟುಹಾಕುವ ಬಗೆಯ ಪ್ಲಾನ್) ಆಗಿದ್ದರಂತೂ ಹೊರಗಿನವರ ಹತ್ತಿರ ಹೋದರೆ ಸಾಮಾನ್ಯವಾಗಿ ಪೂರ್ತಿ ಬಿಲ್ಲು ನಿಮ್ಮ ತಲೆಗೇ.

ಮೆಡಿಕೇರ್ ವೆಬ್‌ಸೈಟಿನ 'ಕೇರ್ ಕಂಪೇರ್'ನಲ್ಲಿ ಜಿಪ್ ಕೋಡ್ ಹಾಕಿದರೆ ಹೆಸರುಗಳು ಸಾಲಾಗಿ ಬರುತ್ತವೆ. ಅದನ್ನು ನಂಬಿ ನಾನು ಒಂಬತ್ತು ಕಡೆ ಫೋನ್ ಮಾಡಿದೆ. ಒಬ್ಬರು ನಿವೃತ್ತರಾಗಿದ್ದರು, ಇಬ್ಬರು ಬೇರೆ ಊರಿಗೆ ಹೋಗಿದ್ದರು, ಉಳಿದವರಲ್ಲಿ ಹೆಚ್ಚಿನವರು ಹೊಸ ಪೇಷಂಟ್‌ಗಳನ್ನು ತೆಗೆದುಕೊಳ್ಳುತ್ತಿರಲಿಲ್ಲ. ನಾನು ಮಾಡಿದ ದೊಡ್ಡ ತಪ್ಪು ಅಂದರೆ "ಮೆಡಿಕೇರ್ ತಗೋತೀರಾ?" ಅಂತಷ್ಟೇ ಕೇಳಿದ್ದು. ಎಲ್ಲರೂ ಹೂಂ ಅಂತಾರೆ, ಹಳಬರಿಗೆ ತಗೋತಾರಲ್ಲ! "ಮೆಡಿಕೇರ್ ಇರುವ ಹೊಸ ಪೇಷಂಟನ್ನು ಈಗ ತಗೋತೀರಾ?" ಅಂತ ಕೇಳಿ. ಜೊತೆಗೆ "ಅಸೈನ್‌ಮೆಂಟ್ ಒಪ್ಪುತ್ತೀರಾ?" ಅಂತಲೂ ಕೇಳಿ.

ಈ ಎರಡನೇ ಪ್ರಶ್ನೆ ದುಡ್ಡಿನದು. ಅಸೈನ್‌ಮೆಂಟ್ ಒಪ್ಪಿದವರು ಮೆಡಿಕೇರ್ ಗೊತ್ತುಮಾಡಿದ ದರಕ್ಕಿಂತ ಹೆಚ್ಚು ಕೇಳುವಂತಿಲ್ಲ. ವರ್ಷದ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮುಂಚೆ ನೀವೇ ಕಟ್ಟಬೇಕಾದ ಮೊತ್ತ) ಮುಗಿದ ಮೇಲೆ 100 ಡಾಲರ್ ದರದಲ್ಲಿ ಸಾಮಾನ್ಯವಾಗಿ 80 ಮೆಡಿಕೇರ್ ಕೊಡುತ್ತದೆ, 20 ನಿಮ್ಮದು. ಒಪ್ಪದವರು ಶೇ. 15ರವರೆಗೆ ಹೆಚ್ಚು ಹಾಕಬಹುದು. ಮೆಡಿಕೇರ್‌ನಿಂದ ಪೂರ್ತಿ ಹೊರಬಂದ, ಅಂದರೆ 'ಆಪ್ಟ್ ಔಟ್' ಮಾಡಿದ ಡಾಕ್ಟರೂ ಇದ್ದಾರೆ. ಅವರ ಹತ್ತಿರ ಹೋದರೆ, ತುರ್ತು ಚಿಕಿತ್ಸೆಯ ಹೊರತು, ಮೆಡಿಕೇರ್ ಬಿಡಿಗಾಸೂ ಕೊಡುವುದಿಲ್ಲ.

ಎಲ್ಲೂ ಸಿಗದಿದ್ದರೆ ಹತ್ತಿರದ ಕಮ್ಯುನಿಟಿ ಹೆಲ್ತ್ ಸೆಂಟರ್ ನೋಡಿ. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಇಂಥ ಕಡೆ ಮೆಡಿಕೇರ್, ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ವಿಮೆ) ಎರಡೂ ನಡೆಯುತ್ತವೆ. ಅಪ್ಪನಿಗೆ ಕೊನೆಗೆ ಡಾಕ್ಟರ್ ಸಿಕ್ಕಿದ್ದು ಅಲ್ಲೇ. ಡಾಕ್ಟರ ಸಮಯ ಎರಡು ತಿಂಗಳ ನಂತರ ಅಂದಾಗ, ಅದೇ ಕ್ಲಿನಿಕ್ಕಿನ ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ತರಬೇತಿ ಪಡೆದು ಔಷಧ ಬರೆಯಬಲ್ಲ ನರ್ಸ್) ಹತ್ತಿರ ಮುಂದಿನ ವಾರವೇ ಬಿಪಿ ಮಾತ್ರೆ ಬರೆಸಿಕೊಂಡು ಬಂದೆವು.