ಹಳೆಯ ಬೋಧನಾ ಪುಸ್ತಕಕ್ಕೆ ಹೊಸ ಅಚ್ಚು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಬಾಣಸವಾಡಿಯ ಓದುಗರೊಬ್ಬರು ಬರೆದಿದ್ದಾರೆ. ಅವರ ಸಭೆಯ ಬೀರುವಿನಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ 1890ರ ದಶಕದಲ್ಲಿ ಅಚ್ಚಾದ ಕ್ರೈಸ್ತ ಬೋಧನೆಯ ಪುಸ್ತಕವೊಂದು ಸಿಕ್ಕಿದೆ; ಸುಮಾರು 240 ಪುಟ. ಬರುವ ಕ್ರಿಸ್ಮಸ್ಸಿಗೆ 500 ಪ್ರತಿ ಮರುಮುದ್ರಿಸಬೇಕೆಂಬುದು ಸಭಾ ಹಿರಿಯರ ಆಸೆ. ಜೆರಾಕ್ಸ್ ತೆಗೆದು ಹಾಗೇ ಅಚ್ಚು ಹಾಕಿಸಿದರೆ ಸಾಕೇ, ಯುವಕರಿಗೆ ಅರ್ಥವಾಗುವಂತೆ ಭಾಷೆ ತಿದ್ದಬಹುದೇ, ಇಂದು ಓದಿದರೆ ಇರಿಸುಮುರಿಸಾಗುವ ಭಾಗಗಳನ್ನು ಬಿಡಬಹುದೇ, ಯಾರ ಅನುಮತಿ ಬೇಕು ಎಂದು ಕೇಳಿದ್ದಾರೆ. ಹಿಂದೆ ಕೊಂಡ ಇಂಥದೇ ಮರುಮುದ್ರಣವೊಂದರಲ್ಲಿ ಪುಟಕ್ಕೆ ಹತ್ತು ತಪ್ಪಿದ್ದವು ಎಂಬ ದೂರೂ ಇದೆ.

ಮಾನ್ಯರೇ,

ದೂರಿನಿಂದಲೇ ಶುರು ಮಾಡುತ್ತೇವೆ. ಪುಟಕ್ಕೆ ಹತ್ತು ತಪ್ಪು ಬರುವುದು ಹೀಗೆ: ಹಳೆಯ ಪುಟದ ಚಿತ್ರವನ್ನು ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸಿ ಪಠ್ಯವಾಗಿಸುವ) ತಂತ್ರಾಂಶಕ್ಕೆ ಕೊಡುತ್ತಾರೆ, ಅದು ಕೊಟ್ಟ ಪಠ್ಯದ ಮೇಲೆ ಒಮ್ಮೆ ಕಣ್ಣಾಡಿಸಿ ಪುಟಕ್ಕೆ ಸುರಿಯುತ್ತಾರೆ. ಟೆಸರಾಕ್ಟ್‌ನಂಥ ಉಚಿತ ತಂತ್ರಾಂಶ ಈಚಿನ ಕನ್ನಡ ಮುದ್ರಣವನ್ನು ಚೆನ್ನಾಗಿಯೇ ಓದುತ್ತದೆ. ಮೊಳೆ ಜೋಡಿಸಿದ ಕಾಲದ ಪುಟ ಸಿಕ್ಕಿದರೆ ಮಾತ್ರ ಎಡವುತ್ತದೆ, ಎಡವುವ ಜಾಗಗಳೂ ಹೆಚ್ಚುಕಡಿಮೆ ಖಾಯಂ. ಅರ್ಕಾವತ್ತನ್ನು ಕನ್ನಡದ ಒಂಬತ್ತಾಗಿ ಓದಿ ‘ಧರ್ಮ’ವನ್ನು ‘ಧಮ೯’ ಮಾಡುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಬಂದು ಕೂರುತ್ತದೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ, ಆಮೇಲೆ ಹುಡುಕಿದರೆ ಆ ಪದವೇ ಸಿಗುವುದಿಲ್ಲ. ಸವೆದ ಮೊಳೆಯಲ್ಲಿ ಮಹಾಪ್ರಾಣದ ಕೆಳಗಿನ ಸೀಳು ಮೂಡಿರುವುದಿಲ್ಲ, ‘ಭ’ ‘ಬ’ ಆಗುತ್ತದೆ, ‘ಧ’ ‘ದ’ ಆಗುತ್ತದೆ. ‘ಮ’ ಮತ್ತು ‘ವು’ ಅದಲುಬದಲಾಗುತ್ತವೆ.

‘ಧನದಾಸೆ’ ‘ದನದಾಸೆ’ ಆಗಿದ್ದರೆ ನಕ್ಕು ತಿದ್ದುತ್ತೀರಿ. ನಗು ಬರದ ತಪ್ಪುಗಳೇ ಅಪಾಯಕಾರಿ, ಅವನ್ನು ಮಾಡುವುದು ಯಂತ್ರವಲ್ಲ, ಮನುಷ್ಯ. ಹಳೆಯ ಗದ್ಯದಲ್ಲಿ ‘ಕೈಬಿಡನು’, ‘ಅರಿಯನು’, ‘ಬಾರನು’ ಎಂಬ ನಿಷೇಧ ರೂಪಗಳು ಹೇರಳ. ಇವತ್ತಿನ ಡಿಟಿಪಿಯವರಿಗೆ ಇವು ಅಕ್ಷರ ಬಿಟ್ಟುಹೋದ ಪದಗಳಂತೆ ಕಾಣುತ್ತವೆ. ‘ದೇವರು ತನ್ನವರನ್ನು ಕೈಬಿಡನು’ ಎಂಬುದನ್ನು ಪಾಪ, ಉಪಕಾರ ಮಾಡುವ ಮನಸ್ಸಿನಿಂದಲೇ ‘ಕೈಬಿಡುವನು’ ಎಂದು ಟೈಪಿಸಿಬಿಡುತ್ತಾರೆ. ವಾಕ್ಯ ವ್ಯಾಕರಣಬದ್ಧವಾಗಿಯೇ ಇದೆ, ಬೋಧನೆ ಮಾತ್ರ ತಲೆಕೆಳಗು. ಮೂಲ ಪಕ್ಕದಲ್ಲಿಲ್ಲದೆ ಕರಡು ಓದಿದವರು ಇದನ್ನು ಹಿಡಿಯಲಾರರು.

ಆದ್ದರಿಂದ ಮೊದಲ ಕರಡನ್ನು ಇಬ್ಬರು ಕೂತು ತಿದ್ದಬೇಕು. ಮೂಲ ಪುಸ್ತಕ ಹಿಡಿದವರು ಗಟ್ಟಿಯಾಗಿ ಓದಬೇಕು, ಕರಡು ಹಿಡಿದವರು ಪೆನ್ನಿಟ್ಟುಕೊಂಡು ಹಿಂಬಾಲಿಸಬೇಕು. ಇದನ್ನು ತಿರುವುಮುರುವು ಮಾಡಬೇಡಿ. ಕರಡನ್ನು ಓದಿ ಹೇಳಿದರೆ, ಮೂಲ ಹಿಡಿದವರು ಕಿವಿಗೆ ಬಿದ್ದದ್ದನ್ನೇ ಪುಟದಲ್ಲೂ ಕಂಡಂತೆ ಭಾವಿಸಿ ಮುಂದೆ ಹೋಗಿಬಿಡುತ್ತಾರೆ. ಎರಡನೆಯ ಸುತ್ತಿನಲ್ಲಿ ಬರೀ ಅಂಕಿಗಳು: ಅಧ್ಯಾಯ, ವಚನ, ಪ್ರಶ್ನೆಯ ಸಂಖ್ಯೆ, ಪುಟಸಂಖ್ಯೆ. ಮೂರನೆಯದು ಪುಟವಿನ್ಯಾಸ ಮುಗಿದ ಮೇಲೆ, ಪುಸ್ತಕವನ್ನು ಎಂದೂ ನೋಡದ ಒಬ್ಬರಿಂದ. ಹಣ ಕಡಿಮೆಯಿದ್ದರೆ ಮುಖಪುಟದ ಖರ್ಚು ಇಳಿಸಿ, ಕರಡಿನದನ್ನು ಇಳಿಸಬೇಡಿ.

ಈಗ ಜೆರಾಕ್ಸ್ ಮಾತು. ಮೂಲದ ಪುಟವನ್ನೇ ಚಿತ್ರವಾಗಿ ಅಚ್ಚು ಹಾಕುವುದು ಗೌರವದ ದಾರಿ, ಅಕ್ಷರತಪ್ಪಿಗೆ ಅಲ್ಲಿ ಜಾಗವೇ ಇಲ್ಲ. ಸಂಶೋಧಕರಿಗೆ, ಗ್ರಂಥಾಲಯಕ್ಕೆ ಅದೇ ಒಳ್ಳೆಯದು. ಸಭೆಯಲ್ಲಿ ಕೂತು ಓದುವವರಿಗೆ ಅಲ್ಲ: ಅಕ್ಷರ ಚಿಕ್ಕದು, ಪದಗಳು ಸಂಧಿಯಾಗಿ ಉದ್ದಕ್ಕೆ ಕೂಡಿಕೊಂಡಿರುತ್ತವೆ, ಶೇಕಡಾ 15-20ಕ್ಕಿಂತ ಹಿಗ್ಗಿಸಿದರೆ ಅಂಚು ಒರಟಾಗುತ್ತದೆ. ನಿಮ್ಮ ಉದ್ದೇಶಕ್ಕೆ ಹೊಸದಾಗಿ ಅಕ್ಷರ ಜೋಡಿಸುವುದೇ ಸರಿ. ಹಾಗೆಂದು ಚಿತ್ರ ತೆಗೆಯುವುದು ತಪ್ಪುವುದಿಲ್ಲ, ಏಕೆಂದರೆ ಕರಡಿನವರು ಆ ಮುರುಕಲು ಕಾಗದವನ್ನು ನೂರಾರು ಸಲ ತಿರುವಬಾರದು.

ಪುಸ್ತಕವನ್ನು ಪೂರ್ತಿ ಅಗಲಿಸಿ ಗಾಜಿನ ಮೇಲೆ ಒತ್ತಬೇಡಿ, ಬೆನ್ನು ಸೀಳುತ್ತದೆ. ಎರಡು ದಿಂಬುಗಳ ನಡುವೆ ಅರ್ಧ ತೆರೆದಿಟ್ಟು ಮೇಲಿನಿಂದ ಚಿತ್ರ ತೆಗೆಯಿರಿ. 400 ಡಿಪಿಐ (ಇಂಚಿಗೆ 400 ಚುಕ್ಕೆ), ಬೂದು ಛಾಯೆ. ಮೊಬೈಲಿನ ಸ್ಕ್ಯಾನ್ ಆ್ಯಪ್‌ಗಳು ತಾವಾಗಿಯೇ ಕಪ್ಪು-ಬಿಳುಪು ಮಾಡಿ ಚೊಕ್ಕಗೊಳಿಸುತ್ತವೆ. ಆ ಚೊಕ್ಕತನದಲ್ಲಿ ಮೊದಲು ಮಾಯವಾಗುವುದು ಆ ಮಹಾಪ್ರಾಣದ ಸೀಳೇ. ಹಿಂದಿನ ಪುಟದ ಶಾಯಿ ಈಚೆಗೆ ಕಾಣುತ್ತಿದ್ದರೆ ಹಾಳೆಯ ಕೆಳಗೆ ಕಪ್ಪು ಕಾಗದ ಇಡಿ.

ಅದಕ್ಕೂ ಮುಂಚೆ ನಿಮ್ಮ ಪ್ರತಿ ಪೂರ್ತಿಯಾಗಿದೆಯೇ ನೋಡಿ. ಹಳೆಯ ಪುಸ್ತಕಗಳಲ್ಲಿ ಪ್ರತಿ ಫಾರಂನ (ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಟ್ಟಿನ) ಮೊದಲ ಪುಟದ ಅಡಿಯಲ್ಲಿ ಒಂದು ಚಿಕ್ಕ ಅಂಕಿ ಅಥವಾ ಅಕ್ಷರ ಇರುತ್ತದೆ, ಬೈಂಡರಿಗಾಗಿ ಹಾಕಿದ್ದು. ಅದರ ಸರಣಿ ತಪ್ಪಿದ್ದರೆ ಒಂದು ಫಾರಂ ಇಲ್ಲವೆಂದೇ ಅರ್ಥ. ಫಾರಂನ ಒಂದು ಹಾಳೆ ಕಳಚಿದ್ದರೆ ಅದರ ಜೋಡಿ ಹಾಳೆಯನ್ನೂ ಪರೀಕ್ಷಿಸಿ, ಎರಡೂ ಒಂದೇ ಮಡಿಕೆಯವು. ಕೊರತೆಯನ್ನು ಇನ್ನೊಂದು ಪ್ರತಿಯಿಂದ ತುಂಬಬೇಕು. ನಮ್ಮ ಬೆಂಗಳೂರಿನ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಎರಡರಲ್ಲೂ ಪತ್ರಾಗಾರಗಳಿವೆ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲಿ ಬಾಸೆಲ್ ಮಿಶನ್ ಕಾಲದ ಕನ್ನಡ ಪುಸ್ತಕಗಳ ಚಿತ್ರಗಳು ಸಿಗುತ್ತವೆ. ಪ್ರತಿ ಸಿಕ್ಕಿದಾಗ ಮೊದಲು ಮುಖಪುಟದ ಆವೃತ್ತಿ ಮತ್ತು ವರ್ಷ ನೋಡಿ; ಬೇರೆ ಆವೃತ್ತಿಯ ಹಾಳೆ ಸೇರಿಸಿದರೆ ವಾಕ್ಯವೊಂದು ಎರಡು ಸಲ ಬರಬಹುದು, ಇಲ್ಲವೇ ನಡುವೆ ಕಳೆದುಹೋಗಬಹುದು.

ಭಾಷೆ ತಿದ್ದಬಹುದೇ ಎಂಬುದಕ್ಕೆ ನಮ್ಮ ಉತ್ತರ: ಕಾಗುಣಿತ ತಿದ್ದಿ, ಪದ ತಿದ್ದಬೇಡಿ. ‘ಯೆಲ್ಲಾ’, ‘ಯಿದು’, ‘ವೊಂದು’ ಮುಂತಾದವನ್ನು ‘ಎಲ್ಲಾ’, ‘ಇದು’, ‘ಒಂದು’ ಮಾಡಿ. ಉದ್ದನೆಯ ಸಮಾಸಗಳ ನಡುವೆ ಜಾಗ ಬಿಡಿ. ಪ್ಯಾರಾ ಒಡೆಯಿರಿ. ಇಷ್ಟಕ್ಕೇ ಅರ್ಧ ಕಷ್ಟ ಕಳೆಯುತ್ತದೆ. ಕ್ರಿಸ್ತನನ್ನು ಕುರಿತ ‘ಆತನು ಬಂದನು’ ಎಂಬುದನ್ನು ‘ಅವರು ಬಂದರು’ ಎಂದು ಮಾಡಲು ಹೋಗಬೇಡಿ. ಅದು ಬರೀ ಗೌರವದ ಪ್ರಶ್ನೆಯಲ್ಲ, ಬಹುವಚನ ಬಳಸುವ ಒಂದು ಸಂಪ್ರದಾಯದ ಓದನ್ನು ಏಕವಚನ ಬಳಸುವ ಇನ್ನೊಂದಕ್ಕೆ ಹಚ್ಚಿದಂತೆ. ಜೊತೆಗೆ ಪುಟಕ್ಕೆ ಮೂವತ್ತು ಕ್ರಿಯಾಪದ ಬದಲಿಸಬೇಕು, ಅದರಲ್ಲಿ ಎರಡು ಉಳಿದೇ ಉಳಿಯುತ್ತವೆ. ‘ಮಾಡುವುದು’ ಎಂಬ ಅರ್ಥದ ಹಳೆಯ ‘ಮಾಡೋಣವು’ ಬಂದಲ್ಲಿ ಮಾತ್ರ ಎಚ್ಚರ. ‘ಪಾಪ ಮಾಡೋಣ’ ಎಂದು ಓದಿದ ಹದಿಹರೆಯದವರು ಅದನ್ನು ಆಹ್ವಾನವೆಂದೇ ತಿಳಿದಾರು! ಮೊದಲ ಸಲ ಬಂದಾಗ ಅಡಿಟಿಪ್ಪಣಿ ಹಾಕಿ. ಉಳಿದ ಕಠಿಣ ಪದಗಳಿಗೆ ಪುಸ್ತಕದ ಕೊನೆಯಲ್ಲಿ ಎರಡು ಪುಟದ ಅರ್ಥಕೋಶ ಸಾಕು.

ಬೈಬಲ್ ಉಲ್ಲೇಖಗಳ ವಿಚಾರ ಇದಕ್ಕಿಂತ ತೊಡಕಿನದು. ಪುಸ್ತಕ ಬರೆದವರ ಮುಂದಿದ್ದದ್ದು ಇಂದಿನ ಸತ್ಯವೇದ, ಅಂದರೆ ಇಂದಿನ ಕನ್ನಡ ಬೈಬಲ್, ಅಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಪೂರ್ಣ ಬೈಬಲ್ 1831ರಲ್ಲಿ ಬಂತು, ಆಮೇಲೆ ಪರಿಷ್ಕರಣೆಗಳಾದವು. ವಚನದ ಒಂದು ಮಾತನ್ನೇ ಹಿಡಿದು ಲೇಖಕರು ಮುಂದಿನ ಎರಡು ಪುಟ ವಿವರಿಸಿರುತ್ತಾರೆ. ನೀವು ಆ ವಚನದ ಜಾಗದಲ್ಲಿ ಇಂದಿನ ಅನುವಾದ ಇಟ್ಟರೆ ವಿವರಣೆಗೆ ನೆಲೆಯೇ ಇರುವುದಿಲ್ಲ. ವಚನ ಇದ್ದಂತೆ ಇರಲಿ.

ವಚನದ ಸಂಖ್ಯೆ ಸರಿಯಿದೆಯೇ ಎಂದು ಮಾತ್ರ ಪ್ರತಿಯೊಂದನ್ನೂ ತೆರೆದು ನೋಡಬೇಕು. ಬಾಸೆಲ್ ಮಿಶನ್ನಿನವರಲ್ಲಿ ಬಹುಮಂದಿ ಜರ್ಮನ್ ಭಾಷಿಕರು. ಜರ್ಮನ್ ಬೈಬಲಿನಲ್ಲಿ ಕೀರ್ತನೆಯ ತಲೆಬರಹಕ್ಕೂ ವಚನಸಂಖ್ಯೆ ಉಂಟು, ಹೀಗಾಗಿ 51ನೆಯ ಕೀರ್ತನೆಯಲ್ಲಿ ನಮ್ಮ 1ನೆಯ ವಚನ ಅಲ್ಲಿ 3ನೆಯದು. ಕೀರ್ತನೆಗಳ ಉಲ್ಲೇಖ ಒಂದೆರಡು ವಚನ ಆಚೀಚೆ ಆಗಿದ್ದರೆ ಕಾರಣ ಇದಿರಬಹುದು, ಅಚ್ಚಿನ ತಪ್ಪೇ ಆಗಿರಬೇಕಿಲ್ಲ. ಕಥೋಲಿಕ ಸಭೆಯ ಹಳೆಯ ಪುಸ್ತಕ ಕೈಗೆತ್ತಿಕೊಳ್ಳುವವರಿಗೂ ಒಂದು ಮಾತು: ಲ್ಯಾಟಿನ್ ಬೈಬಲಿನ ಎಣಿಕೆಯಲ್ಲಿ ಹೆಚ್ಚಿನ ಕೀರ್ತನೆಗಳು ಒಂದು ಹಿಂದೆ ಇರುತ್ತವೆ. ‘ಕರ್ತನು ನನ್ನ ಕುರುಬನು’ ಅಲ್ಲಿ 22, ನಮ್ಮಲ್ಲಿ 23. ಸಮುವೇಲನ ಎರಡು ಪುಸ್ತಕಗಳೂ ಅಲ್ಲಿ ಅರಸರ ಪುಸ್ತಕಗಳೆಂದೇ ಎಣಿಕೆಯಾಗಿರುವುದರಿಂದ ಅಲ್ಲಿಯ 3 ಅರಸರು ನಮ್ಮ 1 ಅರಸುಗಳು. ಮೂಲದ ಸಂಖ್ಯೆ ಬಿಟ್ಟು, ಪಕ್ಕದಲ್ಲೇ ಚೌಕಾಕಾರದ ಕಂಸದೊಳಗೆ ಇಂದಿನದನ್ನು ಕೊಡಿ. ಚೌಕ ಕಂಸದೊಳಗಿನದೆಲ್ಲ ನಿಮ್ಮದು, ಹೊರಗಿನದೆಲ್ಲ ಲೇಖಕರದು ಎಂದು ಪ್ರಸ್ತಾವನೆಯಲ್ಲಿ ಒಂದು ಸಾಲು ಬರೆಯಿರಿ.

ಇರಿಸುಮುರಿಸಿನ ಭಾಗಗಳ ಬಗ್ಗೆ ನಮ್ಮ ಅಭಿಪ್ರಾಯ ಕೆಲವರಿಗೆ ರುಚಿಸಲಿಕ್ಕಿಲ್ಲ. ಆ ಕಾಲದ ಬೋಧನಾ ಪುಸ್ತಕಗಳಲ್ಲಿ ಪರಮತ ಖಂಡನೆ ಸಾಮಾನ್ಯ. ನೆರೆಯ ಹಿಂದೂಗಳ, ಮುಸ್ಲಿಮರ ಪೂಜೆ-ಪ್ರಾರ್ಥನೆಯ ಬಗ್ಗೆ ಮಾತ್ರವಲ್ಲ, ಕಥೋಲಿಕರ ಬಗ್ಗೆಯೂ ಕಟುವಾದ ಮಾತಿರುತ್ತದೆ. ಸಭೆಯಲ್ಲಿ ಹಂಚುವ ಪುಸ್ತಕದಲ್ಲಿ ಅದನ್ನು ಮರಳಿ ಅಚ್ಚು ಹಾಕಬೇಕಾದ ಅಗತ್ಯವೇನೂ ಇಲ್ಲ. ಆದರೆ ಗುಟ್ಟಾಗಿ ಕತ್ತರಿಸುವುದು ಲೇಖಕರಿಗೂ ಓದುಗರಿಗೂ ಮಾಡುವ ಮೋಸ. ಬಿಡುವುದಾದರೆ ಮುಖಪುಟದಲ್ಲೇ ‘ಸಂಕ್ಷಿಪ್ತ ಆವೃತ್ತಿ’ ಎಂದು ಹಾಕಿ, ಬಿಟ್ಟ ಜಾಗದಲ್ಲಿ ಚೌಕ ಕಂಸದೊಳಗೆ ಮೂರು ಚುಕ್ಕೆ ಇಡಿ, ಯಾವ ಅಧ್ಯಾಯದಿಂದ ಏನನ್ನು ಬಿಟ್ಟಿದ್ದೀರಿ ಎಂದು ಪ್ರಸ್ತಾವನೆಯಲ್ಲಿ ತಿಳಿಸಿ. ಅತ್ಯಂತ ಕೆಟ್ಟ ಆಯ್ಕೆ ಯಾವುದೆಂದರೆ ಕಟು ಮಾತನ್ನು ಮೆದು ಮಾತಾಗಿ ತಿದ್ದಿ ಲೇಖಕರ ಹೆಸರಿನಲ್ಲೇ ಉಳಿಸುವುದು. ಅವರು ಆಡದ ಮಾತನ್ನು ಅವರ ಬಾಯಲ್ಲಿ ತುರುಕಿದಂತೆ.

ಅನುಮತಿಯ ವಿಷಯ ಸುಲಭ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಹಕ್ಕು ಇರುತ್ತದೆ. 1964ರಲ್ಲಿ ತೀರಿಕೊಂಡವರ ಕೃತಿ 2025ರ ಜನವರಿ 1ಕ್ಕೆ ಮುಕ್ತ. ಲೇಖಕರ ಹೆಸರಿಲ್ಲದ ಪುಸ್ತಕಕ್ಕೆ ಪ್ರಕಟಣೆಯಿಂದ 60 ವರ್ಷ. ಅನುವಾದವಾದರೆ ಅನುವಾದಕರ ಮರಣದ ಲೆಕ್ಕ ಬೇರೆಯೇ ಹಿಡಿಯಬೇಕು. ನಿಮ್ಮ 1890ರ ದಶಕದ ಪಠ್ಯಕ್ಕೆ ಇದ್ಯಾವುದೂ ಅಡ್ಡ ಬರಲಾರದು. ಸಿಕ್ಕಿಬೀಳುವುದು ನಡುವಿನ ಮರುಮುದ್ರಣದಿಂದ: 1950ರ ದಶಕದ ಆವೃತ್ತಿಗೆ ಯಾರೋ ಹೊಸ ಮುನ್ನುಡಿ ಬರೆದು 1990ರಲ್ಲಿ ತೀರಿಕೊಂಡಿದ್ದರೆ ಆ ಮುನ್ನುಡಿಯ ಹಕ್ಕು 2050ರ ಕೊನೆಯವರೆಗೂ ಇದೆ. ವಾರಸುದಾರರು ಸಿಗದಿದ್ದರೆ ಆ ಮುನ್ನುಡಿಯನ್ನು ಬಿಟ್ಟುಬಿಡಿ, ಪುಸ್ತಕಕ್ಕೇನೂ ನಷ್ಟವಿಲ್ಲ. ಅನುಬಂಧದಲ್ಲಿ ಇಂದಿನ ಸತ್ಯವೇದದ ದೀರ್ಘ ಭಾಗಗಳನ್ನು ಕೊಡುವ ಯೋಚನೆಯಿದ್ದರೆ ಎಂ.ಜಿ. ರಸ್ತೆಯ ಬೈಬಲ್ ಸೊಸೈಟಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಉಚಿತ, ಆನ್‌ಲೈನ್ ಅರ್ಜಿ ಸಾಕು.

ಡಿಟಿಪಿಗೆ ಕೊಡುವಾಗ ಯೂನಿಕೋಡಿನಲ್ಲೇ ಬೇಕೆಂದು ಹಟ ಹಿಡಿಯಿರಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿ ಆಮೇಲೆ ಪರಿವರ್ತಿಸಿದರೆ ಅರ್ಕಾವತ್ತು ಮತ್ತು ಒತ್ತಕ್ಷರ ಮತ್ತೆ ಕೈಕೊಡುತ್ತವೆ. ‘ಯೆರೂಸಲೇಮ್‌ನಲ್ಲಿ’ ಎಂಬುದು ‘ಯೆರೂಸಲೇಮ್ನಲ್ಲಿ’ ಆಗಿ ಒತ್ತು ಬಂದಿದೆಯೇ ಎಂದು ಹೆಸರುಗಳನ್ನೆಲ್ಲ ಒಮ್ಮೆ ಹುಡುಕಿ ನೋಡಿ. ಅಕ್ಷರ 13 ಪಾಯಿಂಟ್, ಸಾಲಿನ ಅಂತರ 19 ಅಥವಾ 20. ಇದಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ (ಇಕಾರದ ಚಿಹ್ನೆಗೆ) ತಗಲುತ್ತದೆ.

ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಅಳತೆಯಲ್ಲಿ ನಿಮ್ಮ ಪುಸ್ತಕ ಪ್ರಸ್ತಾವನೆ ಸೇರಿ 288 ಪುಟಕ್ಕೆ ನಿಂತರೆ ಅದು 16 ಪುಟದ 18 ಫಾರಂ. 290 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು, ಅರ್ಥಕೋಶವನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸಿ. 23×36 ಇಂಚಿನ ಒಂದು ಹಾಳೆಯಿಂದ 32 ಪುಟ, ಅಂದರೆ ಪ್ರತಿಗೆ 9 ಹಾಳೆ, 500 ಪ್ರತಿಗೆ 4,500. ಪೋಲು ಸೇರಿಸಿ 10 ರೀಮು (ರೀಮಿಗೆ 500 ಹಾಳೆ) ಕೊಳ್ಳಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ ಕಾಗದದ ರೀಮು 18.7 ಕಿಲೋ ತೂಗುತ್ತದೆ. ಅಂಗಡಿಯಲ್ಲಿ ತೂಕ ಇದಕ್ಕಿಂತ ತೀರಾ ಕಡಿಮೆ ಬಂದರೆ ಜಿಎಸ್‌ಎಂ ಕೇಳಿ. ಅಚ್ಚ ಬಿಳುಪಿಗಿಂತ ತುಸು ಕೆನೆಬಣ್ಣದ್ದು ವಯಸ್ಸಾದವರ ಕಣ್ಣಿಗೆ ಹಿತ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು, ಅಡ್ಡವಾದರೆ ಮಳೆಗಾಲದಲ್ಲಿ ಹಾಳೆ ಅಲೆಅಲೆಯಾಗುತ್ತದೆ. ವಾರವಾರ ತೆರೆಯುವ ಪುಸ್ತಕಕ್ಕೆ ಬರೀ ಅಂಟಿನ ಬೈಂಡಿಂಗ್ ಬಾಳದು, ಫಾರಂಗಳನ್ನು ಹೊಲಿಸಿ. ಬೆನ್ನಿನ ದಪ್ಪ ಸುಮಾರು 14 ಮಿಲಿಮೀಟರ್ ಬರುತ್ತದೆ, ಆದರೂ ಅದೇ ಕಾಗದದ ಖಾಲಿ ಪ್ರತಿಯೊಂದನ್ನು ಕಟ್ಟಿಸಿ ಅಳೆದ ಮೇಲೆಯೇ ಮುಖಪುಟ ಅಂತಿಮಗೊಳಿಸಿ.

ಇನ್ನು ಕ್ರಿಸ್ಮಸ್. ಇಬ್ಬರು ಕೂತು ತಿದ್ದಿದರೆ ಗಂಟೆಗೆ 6 ಪುಟ ಸಾಗುತ್ತದೆ. 240 ಪುಟಕ್ಕೆ 40 ಗಂಟೆ. ವಾರಕ್ಕೆ ಎರಡು ಸಂಜೆ, ಎರಡೆರಡು ಗಂಟೆ ಕೂತರೆ ಹತ್ತು ವಾರ. ಅದಕ್ಕೂ ಮೊದಲು ಟೈಪಿಂಗಿಗೆ ಒಂದು ತಿಂಗಳು, ಆಮೇಲೆ ಪುಟವಿನ್ಯಾಸ, ಇನ್ನೆರಡು ಸುತ್ತಿನ ಕರಡು. ನವೆಂಬರ್-ಡಿಸೆಂಬರಿನಲ್ಲಿ ಬೆಂಗಳೂರಿನ ಪ್ರೆಸ್ಸುಗಳು ಕ್ಯಾಲೆಂಡರ್, ಡೈರಿಯಲ್ಲಿ ಮುಳುಗಿರುತ್ತವೆ, 500 ಪ್ರತಿಯ ಕೆಲಸ ಸರದಿಯ ತುದಿಗೆ ಹೋಗುತ್ತದೆ. ಹಿರಿಯರನ್ನು ಒಪ್ಪಿಸಿ ಬಿಡುಗಡೆಯನ್ನು ಈಸ್ಟರಿಗೆ ಇಟ್ಟುಕೊಳ್ಳಿ. ಕ್ರಿಸ್ಮಸ್ಸಿಗೆ ಏನಾದರೂ ಕೈಗೆ ಕೊಡಲೇಬೇಕೆಂದಿದ್ದರೆ ಮೊದಲ ಅಧ್ಯಾಯವನ್ನಷ್ಟೇ 16 ಪುಟದ ಕಿರುಹೊತ್ತಗೆಯಾಗಿ ಡಿಜಿಟಲ್ ಪ್ರಿಂಟ್ ಹಾಕಿಸಿ ಹಂಚಿ; ಅಕ್ಷರ ಚಿಕ್ಕದಾಯಿತೋ, ಟಿಪ್ಪಣಿ ಹೆಚ್ಚಾಯಿತೋ ಎಂಬುದನ್ನು ಓದಿದವರೇ ಹೇಳುತ್ತಾರೆ, ಇಡೀ ಪುಸ್ತಕ ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಳ್ಳಬಹುದು.

— ಸಂಪಾದಕ